ಸಮುದ್ರಕ್ಕೆ ಹೋಗಲು ಹರಕೆ ಬೇಕಿಲ್ಲ: ಬಸ್ಸು ಬೇಕು, ರೈಲು ಬೇಕು

ತೊಗರಿ ರಾಶಿ ಮುಗಿದ ವಾರ. ಅವ್ವ, ಚಿಕ್ಕವ್ವ, ನಾನು ಮೂವರೂ ಮಲ್ಪೆಗೆ ಹೊರಟಿದ್ದೇವೆ ಅಂತ ಓಣಿಯಲ್ಲಿ ಗೊತ್ತಾಯಿತು. ಕಟ್ಟೆ ಮೇಲೆ ಕುಂತಿದ್ದ ಹಿರಿಯರೊಬ್ಬರು ಕೇಳಿದ ಮೊದಲ ಮಾತು ಇದು: "ಯಾವ ದೇವರ ಹರಕಿ ಇತ್ತವ್ವಾ?"

"ಹರಕಿ ಇಲ್ಲ ಕಾಕಾ. ಸಮುದ್ರ ನೋಡಿ ಬರ್ತೀವಿ, ಅಷ್ಟೇ."

"ಬರೇ ನೀರು ನೋಡ್ಲಿಕ್ಕ ಅಷ್ಟು ದೂರ ಯಾರ ಹೋಗ್ತಾರ? ಕಾಗಿಣಾ ಇಲ್ಲೇ ಅದ ಅಲಾ."

ಕಾಕಾ ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆದರೆ ಆ ಮಾತಿನೊಳಗೆ ಒಂದು ಬೀಗ ಇದೆ. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಂದಿ ಊರು ಬಿಡಲು ಮೂರೇ ಕಾರಣ ಇರಬೇಕು: ದುಡಿಮೆ, ದವಾಖಾನೆ, ದೇವರು. ನಾಲ್ಕನೇ ಕಾರಣಕ್ಕೆ, ಅಂದರೆ ಸಂತೋಷಕ್ಕೆ, ಊರು ಬಿಟ್ಟರೆ ಸಮಜಾಯಿಷಿ ಕೊಡಬೇಕು. ಆ ಬೀಗ ಒಡೆಯಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಸಮುದ್ರಕ್ಕೂ ನಮಗೂ ಸಂಬಂಧ ಇಲ್ಲವೇ?

ನಿಮ್ಮ ಮನೆಯ ನೆಲ ನೋಡಿ. ಶಹಾಬಾದ್ ಕಲ್ಲು ಹಾಸಿದ್ದರೆ, ನೀವು ಕುಂತಿರುವುದು ಸಮುದ್ರದ ತಳದ ಮೇಲೆ. ಈ ಸುಣ್ಣದ ಕಲ್ಲು ಕೋಟಿಗಟ್ಟಲೆ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಪದರ ಪದರವಾಗಿ ಕೂಡಿಕೊಂಡಿದ್ದು. ಭೂವಿಜ್ಞಾನಿಗಳು ಇದನ್ನು ಭೀಮಾ ಶ್ರೇಣಿ ಅನ್ನುತ್ತಾರೆ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳು ಅರೆಯುವುದು ಇದೇ ಕಲ್ಲನ್ನು. ಸಮುದ್ರದ ತಳ ಒಡೆದು, ಲಾರಿಗೆ ತುಂಬಿ, ಅದರ ಧೂಳು ಕುಡಿದು ಬದುಕುವ ಮಂದಿಗೆ ಸಮುದ್ರ ನೋಡುವುದು ಅತಿಯಾಸೆಯೇ?

ಇನ್ನು ಮಳಖೇಡ. ಇದು ರಾಷ್ಟ್ರಕೂಟರ ಮಾನ್ಯಖೇಟ. ಇಲ್ಲಿಂದ ಆಳಿದವರ ರಾಜ್ಯ ಕೊಂಕಣದ ಬಂದರುಗಳವರೆಗೆ ಇತ್ತು. ಸಂಜಾನ್ ಬಂದರಿನ ಸೀಮೆಯನ್ನು ನೋಡಿಕೊಳ್ಳಲು ಅವರು ಒಬ್ಬ ಅರಬ್ ಮೂಲದ ಅಧಿಕಾರಿಯನ್ನು ನೇಮಿಸಿದ್ದರು. ಇಂದ್ರ ಮೂರನೆಯವನ ಕಾಲದ, ಕ್ರಿ.ಶ. 926ರ ಚಿಂಚಣಿ ತಾಮ್ರಪಟದಲ್ಲಿ ಅದು ದಾಖಲಾಗಿದೆ. ಸಾವಿರ ವರ್ಷದ ಹಿಂದೆ ಸಮುದ್ರದ ವ್ಯವಹಾರ ನಡೆಸಿದ ಊರು ಇದು. ಇವತ್ತು ಇದೇ ಊರಿನ ರೈಲು ನಿಲ್ದಾಣದಲ್ಲಿ ನಿಂತು ಕರ್ನಾಟಕದ ಕರಾವಳಿಗೆ ನೇರ ರೈಲು ಯಾವುದು ಅಂತ ಕೇಳಿದರೆ ಒಂದೂ ಇಲ್ಲ.

ನಮ್ಮ ರೈಲುಗಳು ನಮ್ಮನ್ನು ಎಲ್ಲಿಗೆ ಒಯ್ಯುತ್ತವೆ?

ರೈಲು ನಮಗೆ ಹೊಸದಲ್ಲ. ವಾಡಿಯಿಂದ ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುವ ನಿಜಾಮರ ಕಾಲದ ದಾರಿ ಶುರುವಾಗಿದ್ದು 1874ರಲ್ಲಿ. ನೂರೈವತ್ತು ವರ್ಷ ದಾಟಿತು. ವಾಡಿ ಜಂಕ್ಷನ್‌ನಲ್ಲಿ ನಿಂತರೆ ಮುಂಬಯಿ, ಚೆನ್ನೈ, ಹೈದರಾಬಾದ್, ಬೆಂಗಳೂರು, ದೆಹಲಿ ದಿಕ್ಕಿನ ಗಾಡಿಗಳು ಸಿಗುತ್ತವೆ. ಮುಂಬಯಿ–ಚೆನ್ನೈ ದಾರಿಗೆ ಎರಡೂ ತುದಿಯಲ್ಲಿ ಸಮುದ್ರ ಇದೆ. ಆದರೆ ನಮ್ಮ ಮಂದಿ ಆ ತುದಿಗೆ ಹೋಗುವುದು ಸಮುದ್ರ ನೋಡಲಿಕ್ಕಲ್ಲ, ಗಾರೆ ಹೊರಲಿಕ್ಕೆ.

ನಮ್ಮ ಚಿಕ್ಕವ್ವ ಅದಕ್ಕೆ ಸಾಕ್ಷಿ. ಮುಂಬಯಿಯಲ್ಲಿ ಕಟ್ಟಡದ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವಳು. "ಸಮುದ್ರ ನೋಡಿಲ್ಲೇನು?" ಅಂದರೆ "ನೋಡೀನಿ, ಸ್ಲ್ಯಾಬ್ ಹಾಕೂವಾಗ ಮ್ಯಾಲಿನ ಮಹಡಿಯಿಂದ ಕಾಣ್ತಿತ್ತು" ಅಂದಳು. "ಕಾಲಿಟ್ಟಿಲ್ಲೇನು?" "ರವಿವಾರನೂ ಕೆಲಸ ಇರ್ತಿತ್ತು, ಯಾರ ಕರಕೊಂಡು ಹೋಗ್ತಾರ?" ದುಡಿಯಲು ಕರೆದೊಯ್ಯುವ ಗಾಡಿಗೆ ಕೊರತೆ ಇಲ್ಲ. ಕಾಲಿಟ್ಟು ನಿಲ್ಲಲು ಮಾತ್ರ ದಾರಿ ಇಲ್ಲ.

ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕರಾವಳಿ ಇದೆ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರು ಜಿಲ್ಲೆ. ಅಲ್ಲಿಗೆ ರೈಲಿನಲ್ಲಿ ಹೋಗಬೇಕೆಂದರೆ ಸೇಡಂನವರಿಗೆ ಇರುವ ದಾರಿಗಳು ಇವು.

ಒಂದು, ಬೆಂಗಳೂರಿಗೆ ಹೋಗಿ ಅಲ್ಲಿಂದ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯುವುದು. ಎರಡು, ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಅಲ್ಲಿಂದ ಹುಬ್ಬಳ್ಳಿ, ಹಾಸನ ಮೇಲೆ ಹೋಗುವ ಮಂಗಳೂರು ರೈಲು ಹತ್ತುವುದು. ಮೂರನೆಯದು ಕೇಳಿ. ಹೈದರಾಬಾದಿಗೆ ಹೋಗಿ, ಕಾಚಿಗುಡದಿಂದ ವಾರಕ್ಕೆ 2 ದಿನ ಹೊರಡುವ ಮುರ್ಡೇಶ್ವರ ರೈಲು ಹಿಡಿಯುವುದು. ಅದು ಆಂಧ್ರ ದಾಟಿ, ತಮಿಳುನಾಡು ದಾಟಿ, ಕೇರಳ ದಾಟಿ ಮಂಗಳೂರಿಗೆ ಬರುತ್ತದೆ. ಕರ್ನಾಟಕದವರು ಕರ್ನಾಟಕದ ಸಮುದ್ರ ನೋಡಲು ನಾಲ್ಕು ರಾಜ್ಯ ಸುತ್ತಿ ಬರಬೇಕು. ಇದಕ್ಕೆ ನಗಬೇಕೋ ಅಳಬೇಕೋ?

"ಹೊಸ ಹಳಿ ಹಾಕಲು ಹಣ ಎಲ್ಲಿದೆ" ಅನ್ನಬೇಡಿ. ಇರುವ ಹಳಿಯ ಮಾತೇ ಆಡೋಣ. ಸೋಲಾಪುರ–ಹಾಸನ ಎಕ್ಸ್‌ಪ್ರೆಸ್ ಕಲಬುರಗಿ ಮೇಲೆ ಬಂದು, ರಾಯಚೂರು, ಬೆಂಗಳೂರು ದಾಟಿ ಹಾಸನದಲ್ಲಿ ನಿಲ್ಲುತ್ತದೆ. ಹಾಸನದಿಂದ ಮಂಗಳೂರಿಗೆ ಸುಮಾರು 190 ಕಿ.ಮೀ. ಸಕಲೇಶಪುರದ ಘಟ್ಟದ ಆ ಹಳಿಯ ಮೇಲೆ 2007ರ ಡಿಸೆಂಬರ್‌ನಿಂದ ಪ್ರಯಾಣಿಕರ ಗಾಡಿ ಓಡುತ್ತಿವೆ. ಅಂದರೆ ನಮ್ಮ ಗಾಡಿ ಸಮುದ್ರದ ದಾರಿಯ ಬಹುಪಾಲು ಸವೆಸಿ, ಘಟ್ಟದ ತಲೆಯ ಮೇಲೆ ನಿಂತು ತಿರುಗಿ ಬರುತ್ತದೆ. ಅದನ್ನು ವಾರಕ್ಕೆ ಎರಡು ದಿನವಾದರೂ ಮಂಗಳೂರಿನವರೆಗೆ ಮುಂದುವರಿಸಿ. ಅಷ್ಟೂ ಆಗದಿದ್ದರೆ ನಾಲ್ಕು ಬೋಗಿ ಬಿಚ್ಚಿ ಮಂಗಳೂರಿನ ಗಾಡಿಗೆ ಜೋಡಿಸಿ. ಒಂದು ಮರ ಕಡಿಯಬೇಕಿಲ್ಲ, ಒಂದು ಎಕರೆ ಭೂಮಿ ಬೇಕಿಲ್ಲ.

ಗದಗ–ವಾಡಿ ಮಾರ್ಗ ಮುಗಿದರೆ ವಾಡಿಯಿಂದ ಹುಬ್ಬಳ್ಳಿಗೆ ನೇರ ದಾರಿ ಆಗುತ್ತದೆ. ಸುಮಾರು 250 ಕಿ.ಮೀ. ಯೋಜನೆ. 2025ರ ಮೇ ತಿಂಗಳಲ್ಲಿ ಆ ತುದಿಯ ತಳಕಲ್–ಕುಷ್ಟಗಿ ತುಂಡು ಶುರುವಾಯಿತು. ನಮ್ಮ ತುದಿ ಯಾವಾಗ? ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಿಂದ ಕಾಗದದ ಮೇಲಿದೆ. ಅಲ್ಲಿ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ಇದೆ, ಆ ಪ್ರಶ್ನೆ ಸುಳ್ಳಲ್ಲ. ಅದಕ್ಕೇ ಕಾಡು ಮುಟ್ಟದ ಬೇಡಿಕೆಯನ್ನು ಮೊದಲು ಇಡುತ್ತಿದ್ದೇನೆ.

"ಬಿಟ್ಟಿ ಬಸ್ಸು ಹತ್ತಿ ತಿರುಗ್ತಾರ"

ರೈಲು ಬರುವವರೆಗೆ ಕಾಯಬೇಕೇ? ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಅಂದಿನಿಂದ ಒಂದು ಕುಹಕ ಕೇಳುತ್ತಲೇ ಇದ್ದೇವೆ: ಹೆಂಗಸರು ಮನೆ ಬಿಟ್ಟು ತಿರುಗುತ್ತಿದ್ದಾರೆ, ಬಸ್ಸೆಲ್ಲ ತುಂಬಿಸಿಬಿಟ್ಟಿದ್ದಾರೆ, ಕೆಲಸಕ್ಕೆ ಬಾರದ ಓಡಾಟ.

ಈ ಮಾತಾಡುವವರಿಗೆ ನೇರ ಉತ್ತರ ಕೊಡುತ್ತೇನೆ. ಹೌದು, ತಿರುಗುತ್ತಾರೆ. ತಿರುಗಲಿ. ನಮ್ಮ ಅವ್ವನಂಥವರು ನಲವತ್ತು ವರ್ಷ ಕಳೆ ತೆಗೆದು, ತೊಗರಿ ಕೊಯ್ದು, ರೊಟ್ಟಿ ಬಡಿದು ಕಂಡ ಊರುಗಳು ತವರು, ಗಂಡನ ಮನೆ, ಕಲಬುರಗಿಯ ದವಾಖಾನೆ, ಒಂದೆರಡು ಜಾತ್ರೆ. ಗಂಡಸು ಬೈಕ್ ಏರಿ ಗೆಳೆಯರೊಡನೆ ಗೋವಾಕ್ಕೆ ಹೋದರೆ ಅದು ಮಜಾ, ಹೆಂಗಸು ಗುರುತಿನ ಚೀಟಿ ಹಿಡಿದು ಮಲ್ಪೆಗೆ ಹೋದರೆ ಅದು ಬಿಟ್ಟಿ ತಿರುಗಾಟ. ಇದು ಯಾವ ನ್ಯಾಯ?

ಬಸ್ ನಿಲ್ದಾಣವೊಂದರ ವಿಚಾರಣೆ ಕಿಟಕಿಯಲ್ಲಿ ನಾನು ಕರಾವಳಿ ಕಡೆಯ ಬಸ್ಸಿನ ವೇಳೆ ಕೇಳಿದೆ. ಒಳಗಿದ್ದವರು ಮುಖ ಎತ್ತದೆ "ಧರ್ಮಸ್ಥಳಕ್ಕೇನು?" ಅಂದರು. ಅಲ್ಲ, ಮಲ್ಪೆಗೆ, ದ್ವೀಪ ನೋಡಲಿಕ್ಕೆ ಅಂದೆ. ಹಿಂದಿದ್ದ ಸಾಲು ನಕ್ಕಿತು. ಅವ್ವ ಸೆರಗು ಸರಿ ಮಾಡಿಕೊಂಡು ನೆಲ ನೋಡಿದಳು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ. ದೇವರ ಹೆಸರು ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಕ್ರೂಸರ್ ಪ್ರವಾಸದ ಬೆಲೆ

ಬಸ್ಸಿನ ದಾರಿ ಗೊತ್ತಿಲ್ಲದ್ದಕ್ಕೆ ನಮ್ಮ ಮಂದಿ ಇನ್ನೊಂದು ದಾರಿ ಹಿಡಿಯುತ್ತಾರೆ. ಹದಿನೈದು ಜನ ಕೂಡಿ ಒಂದು ಕ್ರೂಸರ್ ಮಾಡಿಕೊಳ್ಳುವುದು. ನಾಲ್ಕು ದಿನದಲ್ಲಿ ಒಂಬತ್ತು ದೇವಸ್ಥಾನ, ನಡುವೆ "ಒಂದು ಬೀಚ್". ಡ್ರೈವರ್‌ಗೆ ನಿದ್ದೆ ಇಲ್ಲ, ರಾತ್ರಿಯೆಲ್ಲ ಘಟ್ಟ. ಸಮುದ್ರ ಮುಟ್ಟುವ ಹೊತ್ತಿಗೆ ಸಂಜೆ ಆಗಿರುತ್ತದೆ. ಅರ್ಧ ಗಂಟೆ ಮಾತ್ರ ಇದೆ ಅಂತ ಎಲ್ಲರೂ ಬಟ್ಟೆ ಸಮೇತ ನೀರಿಗಿಳಿಯುತ್ತಾರೆ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಸಮುದ್ರದಲ್ಲಿ ಮುಳುಗಿ ಸತ್ತರು. ಕೋಲಾರವೂ ನಮ್ಮಂತೆ ಬಯಲು ಸೀಮೆ. ಸಮುದ್ರ ಕಾಣದ ಮಕ್ಕಳು. ಅಂಥ ಸುದ್ದಿ ಬಂದಾಗ ನಾವು ಮಾಡುವುದು ಎರಡೇ ಕೆಲಸ: ಅಯ್ಯೋ ಅನ್ನುವುದು, ಮಕ್ಕಳನ್ನು ಪ್ರವಾಸಕ್ಕೆ ಕಳಿಸುವುದು ನಿಲ್ಲಿಸುವುದು. ಎರಡೂ ಸಾಲದು. ಘಟ್ಟದ ಮೇಲಿನ ಮಕ್ಕಳಿಗೆ ಸಮುದ್ರದ ನಡತೆ ಕಲಿಸಬೇಕು. ಹೊರಡುವ ಮೊದಲೇ, ಶಾಲೆಯ ಅಂಗಳದಲ್ಲೇ.

ನಮ್ಮ ಹುಡುಗರು ಬಾವಿಯಲ್ಲಿ ಈಜು ಕಲಿತವರು, ಚಂದ್ರಂಪಳ್ಳಿ ಕೆರೆ ಕಂಡವರು. ಆ ಧೈರ್ಯ ಸಮುದ್ರದಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಾವಿಯ ನೀರು ನಿಂತ ನೀರು, ಸಮುದ್ರದ ನೀರು ಎಳೆಯುವ ನೀರು. ಅಲೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯಬೇಡಿ. ಮೊಳಕಾಲು ದಾಟಿ ಇಳಿಯಬೇಡಿ. ಕೆಂಪು ಬಾವುಟ ಇದ್ದಲ್ಲಿ ಕಾಲೇ ಇಡಬೇಡಿ. ಕತ್ತಲಾದ ಮೇಲೆ ನೀರು ಬೇಡ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರ ಈಜಿ ದಣಿಯಬೇಡಿ. ದಂಡೆಗೆ ಸಮನಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಗೆ ಬನ್ನಿ, ಕೈ ಎತ್ತಿ ಕೂಗಿ. ಜೀವರಕ್ಷಕ ಬೈದರೆ ಬೈಸಿಕೊಳ್ಳಿ. ಅವನಿಗೆ ಆ ನೀರು ಗೊತ್ತು, ನಮಗೆ ಗೊತ್ತಿಲ್ಲ.

ಹೋಗುವುದು ಹೇಗೆ?

ಮೊದಲು ಕಾಲ. ಇದರಲ್ಲಿ ನಮಗೆ ಅದೃಷ್ಟ ಇದೆ. ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಬರುವ ಜನವರಿ ಕೊನೆ, ಫೆಬ್ರುವರಿ ಕರಾವಳಿಗೂ ಒಳ್ಳೆಯ ಕಾಲ. ಮಳೆಗಾಲದಲ್ಲಿ ಸಮುದ್ರ ಒರಟಾಗುತ್ತದೆ, ದ್ವೀಪದ ದೋಣಿ ನಿಲ್ಲುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪದ ಆಸೆ ಇಟ್ಟುಕೊಂಡು ಹೋಗಬೇಡಿ.

ದ್ವೀಪ ಅಂದರೆ ಎಲ್ಲರ ಬಾಯಲ್ಲೂ ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿಯ ಫೋಟೊ ಬಂದ ಮೇಲಂತೂ ಹುಡುಗರ ಮೊಬೈಲಿನಲ್ಲೆಲ್ಲ ಅದೇ. ಅಲ್ಲಿಗೆ ಪರವಾನಗಿ ಬೇಕು, ಹಡಗು ಕೊಚ್ಚಿಯಿಂದ. ಮೊದಲ ಸಲಕ್ಕೆ ಅದು ಬೇಡ. ಉಡುಪಿಯ ಪಕ್ಕ ಮಲ್ಪೆ, ಮಲ್ಪೆಯಿಂದ ಅರ್ಧ ಗಂಟೆಯ ದೋಣಿಗೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿ ಐದು, ಆರು ಮೂಲೆಯ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ, ಯಾರೋ ಕಡಿದು ಜೋಡಿಸಿಟ್ಟಂತೆ. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಬೇರಾದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಉಕ್ಕಿದ ಲಾವಾ ತಣ್ಣಗಾಗಿ ಆದ ಕಲ್ಲು ಅದು. ಕಲ್ಲಿನ ಗಣಿಯಲ್ಲಿ ಬೆಳೆದ ಶಹಾಬಾದಿನವರಿಗೆ ಅದನ್ನು ನೋಡುವ ಕಣ್ಣು ಬೇರೆಯವರಿಗಿಂತ ಹೆಚ್ಚಿದೆ ಅಂತ ನನ್ನ ನಂಬಿಕೆ.

ನಾವು ಹೋಗಿದ್ದು ಪೂರ್ತಿ ಬಸ್ಸಿನಲ್ಲೇ. ಸೇಡಂನಿಂದ ಕಲಬುರಗಿ, ಕಲಬುರಗಿಯಿಂದ ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ರಾತ್ರಿ ಮಲಗಿದೆವು. ಇದು ಮುಖ್ಯ, ಒಂದೇ ಉಸಿರಿಗೆ ಓಡಬೇಡಿ. ಮರುದಿನ ಬೆಳಗ್ಗೆ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಕುಮಟಾ. ಘಟ್ಟವನ್ನು ಹಗಲಿನಲ್ಲಿ ಇಳಿಯಿರಿ, ಅರ್ಧ ಪ್ರವಾಸ ಅಲ್ಲೇ ಇದೆ. ಕುಮಟಾದಿಂದ ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ. ಉಡುಪಿಯಲ್ಲಿ ಎರಡು ರಾತ್ರಿ ಉಳಿದೆವು, ಬಂದ ದಾರಿಯಲ್ಲೇ ತಿರುಗಿ ಬಂದೆವು.

ನೆನಪಿಡಬೇಕಾದ್ದು ಕೆಲವು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಇಲ್ಲ. ಹೈದರಾಬಾದ್ ಕಡೆ ಹೋಗುವ ಅಂತರರಾಜ್ಯ ಪ್ರಯಾಣಕ್ಕೂ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಸಂಗಡ ಇರಲಿ. ಉಡುಪಿ, ಮಂಗಳೂರು ಕಡೆ ಖಾಸಗಿ ಬಸ್ಸುಗಳೇ ಹೆಚ್ಚು. ಅಲ್ಲಿ ಹೆಣ್ಣುಮಕ್ಕಳೂ ಟಿಕೆಟ್ ತೆಗೆಯಬೇಕು. ಉಡುಪಿಯಿಂದ ಮಲ್ಪೆ ಹತ್ತಿರವೇ, ಬಸ್ಸು ಮೇಲಿಂದ ಮೇಲೆ ಇರುತ್ತವೆ. ದ್ವೀಪದಲ್ಲಿ ಉಳಿಯಲು ಜಾಗ ಇಲ್ಲ, ಬೆಳಗ್ಗೆ ಹೋಗಿ ಸಂಜೆಯೊಳಗೆ ತಿರುಗಿ ಬರಬೇಕು. ಹೋದ ಕೂಡಲೇ ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ನಾಚಿಕೆ ಬೇಡ. ಅಲ್ಲಿಯ ಕಲ್ಲು ಪಾಚಿಗೆ ಜಾರುತ್ತದೆ.

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ನಾಲ್ಕು ದಿನ ಕೆಡುವುದಿಲ್ಲ, ಖರ್ಚೂ ಉಳಿಯುತ್ತದೆ. ಆದರೆ ಒಂದು ಹೊತ್ತಾದರೂ ಅಲ್ಲಿಯ ಕುಚಲಕ್ಕಿ ಅನ್ನ ಉಣ್ಣಿ, ಮೀನು ತಿನ್ನುವವರು ಬಂಗುಡೆ ತಿನ್ನಿ. ಅಲ್ಲಿ ಮನೆಯೊಳಗೆ ತುಳು, ಕೊಂಕಣಿ ಆಡುತ್ತಾರೆ, ನಮ್ಮೊಡನೆ ಕನ್ನಡ ಆಡುತ್ತಾರೆ. ನಮ್ಮ ಕನ್ನಡ ಕೇಳಿ ಯಾರಾದರೂ ನಕ್ಕರೆ ನೀವೂ ನಕ್ಕುಬಿಡಿ. ಅವರ ಕನ್ನಡವೂ ನಮ್ಮ ಕಿವಿಗೆ ಹೊಸದೇ. ಅಲ್ಲಿಯ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುವವರಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಬಹಳ ಮಂದಿ. ಬಸ್ ನಿಲ್ದಾಣದಲ್ಲಿ ಒಬ್ಬರಾದರೂ ನಮ್ಮವರು ಸಿಗುತ್ತಾರೆ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ?"

ಈ ಗಾದೆ ನನ್ನ ಮುಖಕ್ಕೆ ಎಸೆಯುವವರು ಇದ್ದಾರೆ ಅಂತ ಗೊತ್ತು. ಬೇಸಿಗೆಗೆ ಕುಡಿಯುವ ನೀರಿಲ್ಲದ ಊರಲ್ಲಿ, ಹೆರಿಗೆಗೆ ಕಲಬುರಗಿಗೆ ಓಡುವ ಊರಲ್ಲಿ ಸಮುದ್ರದ ಮಾತು ಯಾಕೆ?

2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸೇಡಂ, ಚಿತ್ತಾಪುರ, ಚಿಂಚೋಳಿಯನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು. ಆಮೇಲೆ 371ಜೆ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. ನೀರು, ಶಾಲೆ, ದವಾಖಾನೆಗಾಗಿ ಜಗಳ ನಡೆಯಲೇಬೇಕು, ಅದರಲ್ಲಿ ನಾನೂ ಇದ್ದೇನೆ. ಆದರೆ ಹಿಂದುಳಿದವರು ಅಂತ ಕರೆಸಿಕೊಂಡು ಕರೆಸಿಕೊಂಡು ನಾವೇ ನಮ್ಮ ಪಾಲನ್ನು ಸಣ್ಣದು ಮಾಡಿಕೊಂಡಿದ್ದೇವೆ. ನೀರು ಕೇಳಿದವರು ಸಮುದ್ರ ಕೇಳಬಾರದು ಅಂತ ಯಾವ ಕಾನೂನಿನಲ್ಲಿದೆ? ಇನ್ನೊಂದು ಮಾತು. ನಾವು ಪ್ರವಾಸ ಬಿಟ್ಟರೆ ಆ ದುಡ್ಡಿನಿಂದ ದವಾಖಾನೆ ಕಟ್ಟುವುದಿಲ್ಲ. ಬಿಟ್ಟಿದ್ದು ಬಿಟ್ಟಂತೆಯೇ ಹೋಗುತ್ತದೆ.

ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನಾಲ್ಕು ದಿನದ ಕೂಲಿ ಬಿಟ್ಟರೆ ಒಲೆ ಹೊತ್ತದ ಮನೆಗಳಿವೆ. ಅವರಿಗೆ ಬಸ್ಸು ಶೂನ್ಯವಾದರೂ ರಜೆ ಶೂನ್ಯವಲ್ಲ. ಅದಕ್ಕೇ ನೇರ ಗಾಡಿ ಬೇಕು ಅನ್ನುವುದು: ದಾರಿಯಲ್ಲಿ ಎರಡು ದಿನ ಉಳಿದರೆ ಅದು ಎರಡು ದಿನದ ಕೂಲಿ.

ನಾವು ಮಾಡಬೇಕಾದ್ದು ಇಷ್ಟು. ಮಹಿಳಾ ಸಂಘಗಳು ವರ್ಷಕ್ಕೊಂದು ಸಲ ಎಂಟು ಹತ್ತು ಜನ ಕೂಡಿ ಹೊರಡಲಿ, ತಿಂಗಳಿಗಿಷ್ಟು ಅಂತ ಊಟ ವಸತಿಗೆ ಈಗಲೇ ಕೂಡಿಡಲಿ. ಸೋಲಾಪುರ–ಹಾಸನ ಗಾಡಿ ಮಂಗಳೂರಿಗೆ ಹೋಗಲಿ ಅಂತ ಊರೂರಿನಿಂದ ಸಹಿ ಮಾಡಿ ಸಂಸದರಿಗೂ ರೈಲ್ವೆಗೂ ಕೊಡಲಿ. ತೊಗರಿ ರಾಶಿಯಿಂದ ಯುಗಾದಿವರೆಗಾದರೂ ಸೇಡಂ, ಚಿಂಚೋಳಿಯಿಂದ ಕುಮಟಾಕ್ಕೆ ಒಂದು ಎಕ್ಸ್‌ಪ್ರೆಸ್ ಬಸ್ಸು ಬಿಡಲಿ ಅಂತ ಡಿಪೋದಲ್ಲಿ ಕೇಳಲಿ. ಕೇಳುವವರೇ ಇಲ್ಲ ಅನ್ನುವುದು ಅವರ ನೆಪ. ಆ ನೆಪ ಕಸಿದುಕೊಳ್ಳೋಣ.

ಮಲ್ಪೆಯಲ್ಲಿ ಚಿಕ್ಕವ್ವ ಚಪ್ಪಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಒಣ ಮರಳಲ್ಲೇ ನಿಂತಿದ್ದಳು. ಆಮೇಲೆ ಒಂದು ಸಣ್ಣ ಅಲೆ ತಾನೇ ಬಂದು ಪಾದ ತೋಯಿಸಿತು. "ಏ, ಇದು ಬೆಚ್ಚಗ ಅದ!" ಅಂದಳು. ಇಷ್ಟು ವರ್ಷ ಮೇಲಿನ ಮಹಡಿಯಿಂದ ನೋಡಿದ ನೀರು ಬೆಚ್ಚಗಿರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಕಾಕಾ ಮತ್ತೆ ಕಟ್ಟೆ ಮೇಲೆ ಸಿಕ್ಕರು. ದರ್ಶನ ಚಂದ ಆಯ್ತೇನು ಅಂತ ಕೇಳಲಿಲ್ಲ. ಮೆಲ್ಲಗೆ ಕೇಳಿದರು: "ಗಂಡಸರಿಗೆ ಹುಬ್ಬಳ್ಳಿ ತನಕ ಎಷ್ಟ ಟಿಕೇಟ್ ಅದವ್ವಾ?"